ಹೆಲ್ವಿಗೆ ಒಂದು ಮಾತು

ಕಾಪುವಿನ ಸ್ಟ್ಯಾನಿಸ್ಲಾಸ್ ಮಚಾದೊ ಅವರಿಗೆ ಫಿನ್ಲೆಂಡ್ ದೇಶದ ಮೇಲೆ ಹಿಡಿತ ಸಿಕ್ಕಿದ್ದು ವಯಸ್ಸು ಐವತ್ತು ದಾಟಿದ ಮೇಲೆ. ಅಲ್ಲಿಯ ತನಕ ಮನೆಯಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲ, ಚರ್ಚಿನ ಗಾಯನ ಮಂಡಳಿಯಲ್ಲಿ ಅವರ ಸ್ವರಕ್ಕೆ ಬೆಲೆ ಇರಲಿಲ್ಲ, ಮಣಿಪಾಲದ ಕಚೇರಿಯಲ್ಲಿ ಅವರಿಗೆ ಕೊಟ್ಟ ಕುರ್ಚಿಯ ಒಂದು ಕೈ ಮುರಿದಿತ್ತು. ಹೀಗೇ ಇದ್ದು ನಿವೃತ್ತರಾಗಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. ಆದರೆ ಅವರು ಕಚೇರಿಯ ಗೋಡೆಗೆ ಎರಡನೆಯ ಗಡಿಯಾರ ತೂಗು ಹಾಕಿದರು.

ಗಡಿಯಾರದ ವಿಷಯಕ್ಕೆ ಬರುವ ಮೊದಲು ಅವರ ಕೆಲಸ ಎಂಥದ್ದು ಎಂದು ಹೇಳಬೇಕು. ನಮ್ಮ ಸಂಸ್ಥೆಯ ಹೆಸರು ಕಡಲತೀರ ಸಂಶೋಧನಾ ಪ್ರತಿಷ್ಠಾನ. ನಾನು ಅದರ ಲೆಕ್ಕಪತ್ರ ವಿಭಾಗದವನು, ಸ್ಟ್ಯಾನಿಸ್ಲಾಸ್ ಅಲ್ಲಿನ ಅನುದಾನ ಸಲಹೆಗಾರರು. ಸಂಶೋಧನೆ ಮಾಡಲು ಹಣ ಬೇಕಾದವರು ದೇಶವಿದೇಶದ ನಿಧಿಗಳಿಗೆ ಅರ್ಜಿ ಹಾಕುತ್ತಾರೆ. ಆ ಅರ್ಜಿಯಲ್ಲಿ ಯಾವ ಪುಟದಲ್ಲಿ ಏನು ಬರೆಯಬೇಕು, ಏನು ಬರೆದರೆ ಕೆಟ್ಟಿತು, ಯಾವ ದಿನ ಬಾಗಿಲು ಮುಚ್ಚುತ್ತದೆ ಎಂದು ಹೇಳಿಕೊಡುವವರು ಇವರು. ಹಣ ಕೊಡುವುದು ಇವರಲ್ಲ, ಕೊಡಿಸುವುದೂ ಇವರಲ್ಲ. ಪರೀಕ್ಷೆ ಬರೆಯುವವನಿಗೆ ಪೆನ್ನಿನ ಕ್ಯಾಪ್ ತೆಗೆದುಕೊಡುವ ಕೆಲಸ ಅಂತಿಟ್ಟುಕೊಳ್ಳಿ.

ಇಂಥ ಸಲಹೆಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರವರ ದೇಶಗಳಲ್ಲಿ ಅವರಿಗೂ ಯಾರೂ ಬೆಲೆ ಕೊಡುವುದಿಲ್ಲ ಎಂದು ಕಾಣುತ್ತದೆ, ಅದಕ್ಕೇ ಒಂದು ಒಕ್ಕೂಟ ಮಾಡಿಕೊಂಡಿದ್ದಾರೆ. ಆಗಾಗ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಒಬ್ಬರ ಅರ್ಜಿದಾರರಿಗೆ ಇನ್ನೊಬ್ಬರು ಸಹಾಯ ಮಾಡುತ್ತಾರೆ. ಆ ಒಕ್ಕೂಟದಲ್ಲಿ ಸ್ಟ್ಯಾನಿಸ್ಲಾಸ್ ಅವರ ಪಾಲಿಗೆ ಜೊತೆಯಾಗಿ ಬಂದವಳು ಫಿನ್ಲೆಂಡಿನ ಹೆಲ್ವಿ ಎಂಬ ಹೆಂಗಸು. ದಪ್ಪ ಕನ್ನಡಕ, ಕತ್ತರಿಸಿದ ಬಿಳಿ ಕೂದಲು, ಹೇಳಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸುವ ಕೆಟ್ಟ ಅಭ್ಯಾಸ. ಅವಳು ಬರೆದ ಪ್ರತಿ ಪತ್ರಕ್ಕೂ ಸ್ಟ್ಯಾನಿಸ್ಲಾಸ್ ಕಳಿಸುತ್ತಿದ್ದ ಉತ್ತರ ಒಂದೇ: ನೋಟೆಡ್ ವಿತ್ ಥ್ಯಾಂಕ್ಸ್.

ಹೆಲ್ವಿಯ ಜೊತೆ ಮಾತಾಡಲು ಅಲ್ಲಿನ ಸಮಯ ಗೊತ್ತಿರಬೇಕಲ್ಲ. ಅದಕ್ಕೆ ಉಡುಪಿಯಿಂದ ಒಂದು ಗಡಿಯಾರ ತಂದು, ಕೆಳಗೆ ‘ಫಿನ್ಲೆಂಡ್’ ಎಂದು ಬರೆದ ಪಟ್ಟಿ ಅಂಟಿಸಿದರು. ಬೆರಳು ಮಡಚಿ ಲೆಕ್ಕ ಹಾಕಿದ್ದರೆ ಸಾಕಿತ್ತು. ಆದರೆ ಬೆರಳಿನ ಲೆಕ್ಕವನ್ನು ನೋಡಲು ಜನ ಬರುವುದಿಲ್ಲ, ಗಡಿಯಾರ ನೋಡಲು ಬಂದರು. ಬಂದವರಿಗೆ ಸ್ಟ್ಯಾನಿಸ್ಲಾಸ್, “ಈಗ ನಮ್ಮ ಹೆಲ್ವಿ ಕಾಫಿ ಕುಡಿಯುವ ಹೊತ್ತು” ಎಂದು ಹೇಳತೊಡಗಿದರು. ‘ಫಿನ್ಲೆಂಡಿನ ಹೆಲ್ವಿ’ ಹೀಗೆ ‘ನಮ್ಮ ಹೆಲ್ವಿ’ ಆದಳು. ಆಮೇಲೆ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ, ನಾಲ್ಕು ಜನರ ಮುಂದೆ, “ಹೆಲ್ವಿ ನನ್ನ ಮಾತು ಮೀರುವುದಿಲ್ಲ” ಎಂಬ ವಾಕ್ಯವೂ ಅವರ ಬಾಯಿಯಿಂದ ಹೊರಬಿತ್ತು. ಆ ನಾಲ್ವರಲ್ಲಿ ಪಕ್ಕದ ಮನೆಯ ಆನ್ಸಿಲ್ಲಾ ಇದ್ದರು, ಆದ್ದರಿಂದ ಸಂಜೆಯೊಳಗೆ ಕಾಪು ಪೇಟೆಗೆಲ್ಲ ವಿಷಯ ತಿಳಿಯಿತು.

ಮರುದಿನ ಆನ್ಸಿಲ್ಲಾ ಪತ್ರೊಡೆ ಹಿಡಿದುಕೊಂಡು ಬಂದರು. ಅವರ ಅಡುಗೆಮನೆಯಿಂದ ಈ ಮನೆಗೆ ಹೊಗೆಯಲ್ಲದೆ ಬೇರೇನೂ ಬಂದದ್ದಿರಲಿಲ್ಲ.

“ಸ್ಟ್ಯಾನಿಬಾಬ್, ನಮ್ಮ ಬ್ರ್ಯಾಂಡನ್ ನರ್ಸಿಂಗ್ ಮುಗಿಸಿ ಕೂತಿದ್ದಾನೆ. ಆ ಫಿನ್ಲೆಂಡಿನ ಹೆಲ್ವಿಬಾಯಿಗೆ ಒಂದು ಮಾತು ಹೇಳಿದರೆ ಆಗ್ತಿತ್ತು.”

“ಅದು ಹಾಗಲ್ಲ ಆನ್ಸಿಲ್ಲಾಬಾಯ್. ಅವರು ಅರ್ಜಿಗೆ ಸಲಹೆ ಕೊಡುವವರು ಅಷ್ಟೆ.”

“ಅದೇ ನಾನು ಹೇಳುವುದು. ಇವನೂ ಅರ್ಜಿಯೇ ಹಾಕುವುದಲ್ವಾ?”

ಆಗ ಸ್ಟ್ಯಾನಿಸ್ಲಾಸ್ ಇಲ್ಲ ಎನ್ನಬೇಕಿತ್ತು. ಅವರು, “ನೋಡುವ” ಎಂದರು. ನಮ್ಮ ಕಡೆ ಒಲ್ಲದ ಕೆಲಸಕ್ಕೆಲ್ಲ ಈ ಮಾತು ಹೇಳುವುದು ವಾಡಿಕೆ, ಕೇಳಿದವರು ಅದನ್ನು ಆಯಿತು ಎಂದು ತಿಳಿದುಕೊಂಡು ಹೋಗುವುದೂ ವಾಡಿಕೆ. ಆನ್ಸಿಲ್ಲಾ ಪತ್ರೊಡೆ ಮೇಜಿನ ಮೇಲಿಟ್ಟು ಹೋದರು. ಸ್ಟ್ಯಾನಿಸ್ಲಾಸ್ ಅವರ ಹೆಂಡತಿ ಕಾನ್ಸೆಪ್ಟಾ ಪಾತ್ರೆಯ ಮುಚ್ಚಳ ತೆಗೆದು ನೋಡಿ, “ಇಷ್ಟು ವರ್ಷ ನೀವು ಎಂತ ಕೆಲಸ ಮಾಡ್ತೀರಿ ಅಂತ ನನಗೇ ಗೊತ್ತಿರಲಿಲ್ಲ” ಎಂದರು. ಆ ರಾತ್ರಿ ಮರ್ಯಾದೆಯ ತುಂಡಾದ ಮೀನಿನ ತಲೆಯ ಭಾಗ ಸ್ಟ್ಯಾನಿಸ್ಲಾಸ್ ಅವರ ತಟ್ಟೆಗೆ ಬಿತ್ತು.

ಸುದ್ದಿ ಕಾಪುವಿನಿಂದ ಮಣಿಪಾಲಕ್ಕೆ ಬಸ್ಸು ಹತ್ತಿ ಬರಲು ವಾರ ಹಿಡಿಯಲಿಲ್ಲ. ನಮ್ಮ ನಿರ್ದೇಶಕರು ಡಾ. ನಾಭಿರಾಜ ಅಧಿಕಾರಿ. ಮೂಲ ಕಾರ್ಕಳ, ಒಂದು ಕಾಲದಲ್ಲಿ ಸಮುದ್ರದ ಪಾಚಿಯ ಮೇಲೆ ಸಂಶೋಧನೆ ಮಾಡಿದವರು, ಈಗ ಆಮಂತ್ರಣ ಪತ್ರಿಕೆಗಳ ಕರಡು ತಿದ್ದುವವರು. ಅವರು ಸ್ಟ್ಯಾನಿಸ್ಲಾಸ್ ಅವರನ್ನು ಕೋಣೆಗೆ ಕರೆಸಿ, ಎರಡೂ ಕೈಗಳಿರುವ ಕುರ್ಚಿ ತೋರಿಸಿದರು.

“ಕೂತುಕೊಳ್ಳಿ ಸ್ಟ್ಯಾನಿಸ್ಲಾಸರೇ. ಹಣ ಕೊಡುವವರು ಒಬ್ಬರು ನಿಮಗೆ ಪರಿಚಯ ಉಂಟಂತೆ ಅಲ್ವಾ?”

“ಕೊಡುವವರಲ್ಲ ಸರ್. ನನ್ನ ಹಾಗೆ ಸಲಹೆ...”

“ಅದೇ ಮಾರಾಯ್ರೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಉಂಟಲ್ಲ? ದೇವರು ಎಲ್ಲಾದರೂ ಇರಲಿ, ನಿಮಗೆ ಪೂಜಾರಿಯ ಪರಿಚಯ ಉಂಟು. ನಮಗೆ ಅಷ್ಟು ಸಾಕು.”

ಅಷ್ಟರಲ್ಲಿ ಚಹಾ ಬಂತು, ಪಿಂಗಾಣಿ ಕಪ್ಪಿನಲ್ಲಿ. ನಿರ್ದೇಶಕರ ಕೋಣೆಯಲ್ಲಿ ಪಿಂಗಾಣಿ ಕಪ್ಪು ಕೈಯಲ್ಲಿ ಹಿಡಿದು ನಿಜ ಹೇಳಿದವರನ್ನು ನಮ್ಮ ಸಂಸ್ಥೆಯಲ್ಲಿ ನಾನು ಕಂಡಿಲ್ಲ. ಸ್ಟ್ಯಾನಿಸ್ಲಾಸ್ ಚಹಾ ಕುಡಿದರು.

ಈ ಮೆರವಣಿಗೆಯ ನಡುವೆ ನಿಜವಾದ ಒಂದು ಅರ್ಜಿ ತಯಾರಾಗುತ್ತಿತ್ತು. ಅದು ಸಬೀನಾಳದ್ದು. ಕಾಪು ಮಲ್ಲಾರಿನ ಹುಡುಗಿ, ನಮ್ಮಲ್ಲಿ ತಾತ್ಕಾಲಿಕ ಸಂಶೋಧಕಿ. ತಾಯಿ ರುಕಿಯಮ್ಮ ಮನೆಯಲ್ಲಿ ಅಕ್ಕಿ ರೊಟ್ಟಿ ಬೇಯಿಸಿ ಹೋಟೆಲುಗಳಿಗೆ ಕೊಟ್ಟು ಅವಳನ್ನು ಓದಿಸಿದ್ದರು. ಉದ್ಯಾವರ, ಮಟ್ಟು ಕಡೆಯ ಹೊಳೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಯಾಕೆ ಇಲ್ಲದಾಗುತ್ತಿದೆ ಎಂದು ಪತ್ತೆ ಮಾಡುವುದು ಅವಳ ವಿಷಯ. ಮೊದಲು ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿಗಿಳಿದು ಮರಳು ಕೆದಕಿದರೆ ಬುಟ್ಟಿ ತುಂಬುತ್ತಿದ್ದ ಚಿಪ್ಪು ಈಗ ಬೊಗಸೆಯಷ್ಟೂ ಸಿಗುವುದಿಲ್ಲ. ಅವಳ ನೇಮಕಾತಿ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು. ಅರ್ಜಿ ಗೆದ್ದರೆ ಮೂರು ವರ್ಷ ಹೊಳೆಯೂ ಅವಳದ್ದು, ಕೆಲಸವೂ ಅವಳದ್ದು. ಸೋತರೆ ಮನೆಗೆ ಹೋಗಿ ರೊಟ್ಟಿಯ ಹಿಟ್ಟು ಕಲಸುವುದು.

ಆ ಅರ್ಜಿಗಾಗಿ ಸ್ಟ್ಯಾನಿಸ್ಲಾಸ್ ಮತ್ತು ಹೆಲ್ವಿ ಎರಡು ತಿಂಗಳು ಕೂತಿದ್ದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೆಲ್ವಿ ಒಂದೊಂದು ಪುಟವನ್ನೂ ಓದಿ, ಇಲ್ಲಿ ಉಬ್ಬಿಸಬೇಡ, ಇಲ್ಲಿ ಹೆದರಬೇಡ ಎಂದು ಸಬೀನಾಳಿಗೆ ಬರೆದಳು. ಪೋರ್ಚುಗಲ್ಲಿನ ಇನ್ನೊಬ್ಬ ಸಲಹೆಗಾರನನ್ನು ಕಾಡಿ ಖರ್ಚಿನ ಭಾಗ ಸರಿ ಮಾಡಿಸಿದಳು. ಸ್ಟ್ಯಾನಿಸ್ಲಾಸ್ ಊಟದ ಡಬ್ಬಿ ಬಿಚ್ಚದೆ ಕೂತು ಕೋಷ್ಟಕಗಳನ್ನು ತುಂಬಿದರು. ಪೆರ್ನಾಲ್, ಅಂದರೆ ಈದ್ ಹಬ್ಬದ ದಿನವೂ ಸಬೀನಾ ಮಧ್ಯಾಹ್ನ ಕಚೇರಿಗೆ ಬಂದು ಕೊನೆಯ ಪುಟ ಮುಗಿಸಿದಳು. ಮೂರು ದೇಶದ ಜನ ಒಂದು ಬುಟ್ಟಿ ಚಿಪ್ಪಿಗಾಗಿ ಇಷ್ಟು ಪ್ರೀತಿಯಿಂದ ದುಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉಳಿದದ್ದು ಒಂದೇ ಕೆಲಸ. ಸಂಸ್ಥೆಯ ಡಿಜಿಟಲ್ ಸಹಿ ಇರುವ ಲ್ಯಾಪ್‌ಟಾಪಿನಲ್ಲಿ ‘ಸಲ್ಲಿಸು’ ಎಂಬ ಜಾಗದಲ್ಲಿ ಒಮ್ಮೆ ಒತ್ತುವುದು. ಅಷ್ಟನ್ನು ಒತ್ತಿಬಿಟ್ಟಿದ್ದರೆ ನನಗೆ ಇದನ್ನು ಬರೆಯುವ ಕೆಲಸವಿರಲಿಲ್ಲ.

“ಸುಮ್ಮನೆ ಒತ್ತುವುದಾ?” ಎಂದು ನಿರ್ದೇಶಕರು ಕೇಳಿದರು. “ಕೊಳವೆಬಾವಿಯ ಪಂಪಿಗೆ ಸ್ವಿಚ್ ಹಾಕಲಿಕ್ಕೂ ನಾವು ಮುಖ್ಯ ಅತಿಥಿ ಕರೆಯುತ್ತೇವೆ. ಇದು ಫಾರಿನ್ ಅರ್ಜಿ. ಅಧ್ಯಕ್ಷರ ಅಮೃತಹಸ್ತದಿಂದ ಆಗಬೇಕು.”

ಅಧ್ಯಕ್ಷರು ಕಾರ್ಕಳದವರು, ಪ್ರತಿಷ್ಠಾನದ ಕಟ್ಟಡ ಕಟ್ಟಿಸಿಕೊಟ್ಟವರು, ಎರಡು ಕಲ್ಯಾಣಮಂಟಪಗಳ ಮಾಲೀಕರು. ಅವರಿಗೆ ಗುರುವಾರ ಬಿಡುವಿತ್ತು. ಅರ್ಜಿಯ ಬಾಗಿಲು ಮುಚ್ಚುವುದೂ ಅದೇ ಗುರುವಾರ, ಫಿನ್ಲೆಂಡಿನ ನಡು ಮಧ್ಯಾಹ್ನ ಹನ್ನೆರಡಕ್ಕೆ. ಗೋಡೆಯ ಗಡಿಯಾರದ ಪ್ರಕಾರ ಅದು ನಮ್ಮ ಮೂರೂವರೆ. ಗುರುವಾರ ರಾಹುಕಾಲ ಮುಗಿಯುವುದು ಮೂರಕ್ಕೆ. “ನಾನು ವಿಜ್ಞಾನಿ, ಇದನ್ನೆಲ್ಲ ನಂಬುವುದಿಲ್ಲ” ಎಂದು ನಿರ್ದೇಶಕರು ಹೇಳಿ, ಅಧ್ಯಕ್ಷರ ಮನಸ್ಸಿಗೆ ನೋವಾಗಬಾರದೆಂದು ಮೂರು ಗಂಟೆ ಐದು ನಿಮಿಷಕ್ಕೆ ಮುಹೂರ್ತ ಇಟ್ಟರು. ಆಮಂತ್ರಣ ಅಚ್ಚಾಯಿತು. ‘ಅಂತಾರಾಷ್ಟ್ರೀಯ ಅರ್ಜಿ ಸಲ್ಲಿಕೆಯ ಗುಂಡಿ ಒತ್ತುವ ಸಮಾರಂಭ, ತರುವಾಯ ಲಘು ಉಪಾಹಾರ.’ ಮೈಕು ಮತ್ತು ದೀಪದ ಗಣಪ ಒಂದು ದೊಡ್ಡ ಕೆಂಪು ಗುಂಡಿ ತಯಾರು ಮಾಡಿ, ವೆಲ್ವೆಟ್ ಹೊದಿಸಿದ ಸ್ಟೂಲಿನ ಮೇಲಿಟ್ಟು, ಅದರ ವಯರನ್ನು ಲ್ಯಾಪ್‌ಟಾಪಿಗೆ ಜೋಡಿಸುವುದಾಗಿ ಒಪ್ಪಿಕೊಂಡ.

ಇಷ್ಟೆಲ್ಲ ಆದ ಮೇಲೆ ಹೆಲ್ವಿಯ ಪತ್ರ ಬಂತು. ಈ ಭಾನುವಾರ ನಮ್ಮ ದೇಶದಲ್ಲಿ ಬೇಸಿಗೆಗಾಗಿ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸುತ್ತೇವೆ, ಆದ್ದರಿಂದ ನಿಮಗೆ ಒಂದು ಗಂಟೆ ಕಡಿಮೆ, ಎರಡೂವರೆಗೇ ಬಾಗಿಲು ಮುಚ್ಚುತ್ತದೆ, ದಯವಿಟ್ಟು ಹಿಂದಿನ ದಿನವೇ ಕಳಿಸಿ. ಸ್ಟ್ಯಾನಿಸ್ಲಾಸ್ ಉತ್ತರಿಸಿದರು: ನೋಟೆಡ್ ವಿತ್ ಥ್ಯಾಂಕ್ಸ್. ಸಬೀನಾ ಆ ಪತ್ರದ ಪ್ರತಿ ತೆಗೆದುಕೊಂಡು ಅವರನ್ನು ನಿರ್ದೇಶಕರ ಕೋಣೆಗೆ ಎಳೆದೊಯ್ದಳು. ಸಹಿ ಹಾಕಿಸಲೆಂದು ನಾನೂ ಅಲ್ಲೇ ನಿಂತಿದ್ದೆ.

“ಸರ್, ಎರಡೂವರೆ ಒಳಗೆ ಹೋಗಬೇಕು” ಎಂದಳು ಸಬೀನಾ.

“ಎರಡೂವರೆ ಅಂದರೆ ರಾಹುಕಾಲ ಅಲ್ವಾ?”

“ಅವರು ಗಡಿಯಾರ ಮುಂದೆ ಮಾಡಿದ್ದಾರೆ ಸರ್.”

“ಅವರ ಗಡಿಯಾರವನ್ನು ಅವರು ತಿರುಗಿಸಿದರೆ ನಮ್ಮ ರಾಹುಕಾಲ ತಿರುಗುತ್ತದಾ ತಾಯಿ? ಆಮಂತ್ರಣ ಹಂಚಿ ಆಗಿದೆ. ಅಧ್ಯಕ್ಷರಿಗೆ ಕಾರ್ಕಳದಲ್ಲಿ ಒಂದು ಮದುವೆ ಊಟ ಉಂಟು, ಅವರು ಕೈ ತೊಳೆದು ಬರಬೇಕಷ್ಟೆ.”

“ಹಾಗಾದರೆ ಹಿಂದಿನ ದಿನವೇ ಕಳಿಸುವ ಸರ್. ಸ್ಟೇಜಿನಲ್ಲಿ ಸುಮ್ಮನೆ ಒಂದು ಗುಂಡಿ ಒತ್ತಲಿ.”

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಧ್ಯಕ್ಷರ ಕೈಯಲ್ಲಿ ಸುಳ್ಳು ಗುಂಡಿ ಒತ್ತಿಸುವುದಾ? ಇದು ವಿಜ್ಞಾನದ ಸಂಸ್ಥೆ. ಸತ್ಯಕ್ಕೆ ಬೆಲೆ ಇಲ್ಲವಾ?” ಹೀಗೆಂದವರು ಸ್ಟ್ಯಾನಿಸ್ಲಾಸ್ ಕಡೆ ತಿರುಗಿದರು. “ಮತ್ತೆ ನೀವು ಇರುವುದು ಎಂತಕ್ಕೆ? ಅರ್ಧ ಮುಕ್ಕಾಲು ಗಂಟೆಯ ಪ್ರಶ್ನೆ. ಹೆಲ್ವಿಗೆ ಒಂದು ಮಾತು ಹೇಳಿ.”

ಸಬೀನಾ ಸ್ಟ್ಯಾನಿಸ್ಲಾಸ್ ಅವರ ಮುಖ ನೋಡಿದಳು. ಹೆಲ್ವಿಯ ಕೈಯಲ್ಲಿ ಏನೂ ಇಲ್ಲ ಎಂದು ಆ ಕೋಣೆಯಲ್ಲಿ ಸ್ಪಷ್ಟವಾಗಿ ತಿಳಿದಿದ್ದವರು ಅವರಿಬ್ಬರೇ. ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯ ಹೇಳಿದರೆ ಪಿಂಗಾಣಿ ಕಪ್ಪು ಹೋಗುತ್ತಿತ್ತು, ಪತ್ರೊಡೆ ಹೋಗುತ್ತಿತ್ತು, ಮೀನಿನ ತಲೆ ಹೋಗುತ್ತಿತ್ತು, ಕುರ್ಚಿಯ ಕೈ ಮತ್ತೆ ಮುರಿಯುತ್ತಿತ್ತು.

“ನಾನು ನೋಡಿಕೊಳ್ಳುತ್ತೇನೆ ಸರ್” ಎಂದರು ಸ್ಟ್ಯಾನಿಸ್ಲಾಸ್.

ಅವರು ಹೆಲ್ವಿಯನ್ನು ನಿಜವಾಗಿಯೂ ಕೇಳಿದರು, ಅದನ್ನು ಒಪ್ಪಬೇಕು. ಕಂಪ್ಯೂಟರಿನ ಮುಂದೆ ಕೂತು, ಮುಕ್ಕಾಲು ಗಂಟೆ ಹೆಚ್ಚಿಗೆ ಬಾಗಿಲು ತೆರೆದಿಡಲು ಸಾಧ್ಯವೇ ಎಂದು ಸಂಕೋಚದಿಂದ ಕೇಳಿದರು. ಹೆಲ್ವಿ ತಮಾಷೆ ಎಂದುಕೊಂಡು ಜೋರಾಗಿ ನಕ್ಕಳು. ನಕ್ಕು ಮುಗಿಸಿ ಹೇಳಿದಳು: “ಸ್ಟ್ಯಾನಿ, ನಾನೂ ನಿನ್ನ ಹಾಗೆಯೇ ಸಲಹೆ ಕೊಡುವವಳು. ಬಾಗಿಲು ತನ್ನಷ್ಟಕ್ಕೆ ಮುಚ್ಚುತ್ತದೆ. ಅದಕ್ಕೆ ಕಿವಿ ಇಲ್ಲ.”

ಮೊಗಸಾಲೆಯಲ್ಲಿ ಕಾಯುತ್ತಿದ್ದ ನಿರ್ದೇಶಕರು, “ಎಂತ ಹೇಳಿದರು?” ಎಂದು ಕೇಳಿದರು.

ಸ್ಟ್ಯಾನಿಸ್ಲಾಸ್ ಸುಳ್ಳು ಹೇಳುವ ಮನುಷ್ಯನಲ್ಲ. “ನಕ್ಕರು ಸರ್” ಎಂದರು.

“ನಕ್ಕರಾ? ಹಾಗಾದರೆ ಆಯಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಕಂಡದ್ದು ಅದೇ, ಆಫೀಸರು ನಕ್ಕರೆ ಕೆಲಸ ಆದ ಹಾಗೆ.” ನಿರ್ದೇಶಕರು ಅವರ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ಮೇಲೆ ಮುಂದಿನ ಅರ್ಧ ಮಾತು ಹೇಳದೆ ಸ್ಟ್ಯಾನಿಸ್ಲಾಸ್ ತಮ್ಮ ಮೇಜಿಗೆ ಹೋದರು.

ಸಬೀನಾ ಬಿಡಲಿಲ್ಲ. ಬುಧವಾರ ಸಂಜೆ ಎಲ್ಲರೂ ಹೊರಟ ಮೇಲೆ ಸ್ಟ್ಯಾನಿಸ್ಲಾಸ್ ಅವರ ಮೇಜಿನ ಮುಂದೆ ಬಂದು ನಿಂತಳು. “ಸರ್, ಈಗ ಒತ್ತಿಬಿಡುವ. ನಾಳೆ ಬೇಕಾದರೆ ಇನ್ನೊಮ್ಮೆ ಒತ್ತಲಿಕ್ಕೆ ಆಗ್ತದೆ ಅಂತ ಹೆಲ್ವಿ ಮೇಡಂ ಹೇಳಿದ್ದಾರೆ. ಯಾರಿಗೂ ಗೊತ್ತಾಗುವುದಿಲ್ಲ.” ಹಾವೂ ಸಾಯುವ, ಕೋಲೂ ಮುರಿಯದ ಉಪಾಯ. ಸ್ಟ್ಯಾನಿಸ್ಲಾಸ್ ಒಪ್ಪಿ ಎದ್ದರು. ಇಬ್ಬರೂ ಕಪಾಟು ತೆರೆದರೆ ಲ್ಯಾಪ್‌ಟಾಪ್ ಅಲ್ಲಿರಲಿಲ್ಲ. ಗಣಪ ಅದನ್ನು ಸಭಾಂಗಣಕ್ಕೆ ಒಯ್ದು, ಗುಂಡಿಗೆ ಜೋಡಿಸಿ, ಒಂದು ಚೆಂಡು ಮಲ್ಲಿಗೆ ಮಾಲೆ ಸುತ್ತಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ನಿರ್ದೇಶಕರಿಗೆ ಕೊಟ್ಟು ಹೋಗಿದ್ದ.

“ನಾಳೆ ಬೆಳಿಗ್ಗೆ ನಾನೇ ಹೋಗಿ ಒತ್ತುತ್ತೇನೆ” ಎಂದರು ಸ್ಟ್ಯಾನಿಸ್ಲಾಸ್. “ನೀನು ಧೈರ್ಯವಾಗಿರು ಮಗಾ.”

ಗುರುವಾರ ಬೆಳಿಗ್ಗೆ ಅವರಿಗೆ ಬಿಡುವಾಗಲಿಲ್ಲ. ಹಣ್ಣಿನ ಬುಟ್ಟಿ ಬಂದಿರಲಿಲ್ಲ, ಶಾಲಿನ ಬಣ್ಣ ಅಧ್ಯಕ್ಷರ ಪಕ್ಷದ್ದೋ ಎದುರು ಪಕ್ಷದ್ದೋ ಎಂಬ ಸಂಶಯ ಬಂದು ಉಡುಪಿಗೆ ಹೋಗಿ ಬದಲಾಯಿಸಬೇಕಾಯಿತು. ಅವರು ತಿರುಗಿ ಬರುವಾಗ ರಾಹುಕಾಲ ಶುರುವಾಗಿತ್ತು. ಸಭಾಂಗಣದಲ್ಲಿ ಜನ ಕೂರತೊಡಗಿದ್ದರು. ಮುಂದಿನ ಸಾಲಿನಲ್ಲಿ ಕಾನ್ಸೆಪ್ಟಾ ರೇಷ್ಮೆ ಸೀರೆ ಉಟ್ಟು ಕೂತಿದ್ದರು, ಪಕ್ಕದಲ್ಲಿ ಮಗನ ಪಾಸ್‌ಪೋರ್ಟು ಬ್ಯಾಗಿನಲ್ಲಿಟ್ಟುಕೊಂಡ ಆನ್ಸಿಲ್ಲಾ. ಹಿಂದಿನ ಸಾಲಿನ ಮೂಲೆಯಲ್ಲಿ, ತಲೆಗೆ ಬಿಳಿ ಶಾಲು ಹೊದ್ದು, ಮಗಳ ದಿನ ನೋಡಲು ಬಂದ ರುಕಿಯಮ್ಮ. ನಾನು ಮೂರನೆಯ ಸಾಲು. ಗೋಳಿಬಜೆಯ ವಾಸನೆ ಆಗಲೇ ಬರುತ್ತಿತ್ತು.

ವೇದಿಕೆಯ ಹಿಂದಿನ ದೊಡ್ಡ ಪರದೆಯಲ್ಲಿ ಹೆಲ್ವಿ ಕಾಣಿಸಿಕೊಂಡಳು. ಅಲ್ಲಿಂದ ಅವಳೂ ಸಮಾರಂಭ ನೋಡಲಿ, ನಮ್ಮ ಜನ ಅವಳನ್ನು ನೋಡಲಿ ಎಂದು ನಿರ್ದೇಶಕರೇ ಹೇಳಿ ಮಾಡಿಸಿದ ಏರ್ಪಾಡು. ಅಧ್ಯಕ್ಷರು ಬರುವ ತನಕ ಧ್ವನಿಸುರುಳಿಯ ನಾಗಸ್ವರ ನಡೆಯಬೇಕಾಗಿದ್ದರಿಂದ ಗಣಪ ಹೆಲ್ವಿಯ ಧ್ವನಿಯನ್ನು ಬಂದ್ ಮಾಡಿದ್ದ.

ಎರಡು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಸಬೀನಾ ವೇದಿಕೆಯ ಮೆಟ್ಟಿಲ ಬಳಿ ಹೋದಳು. ಅಲ್ಲಿ ಕಾವಲಿಗಿದ್ದ ಅಟೆಂಡರ್ ಬೇಬಿ ಅಡ್ಡ ಬಂದರು. “ಅಧ್ಯಕ್ಷರು ಹತ್ತುವ ಮೊದಲು ಯಾರೂ ಹತ್ತಬಾರದಂತೆ ಮಗಾ. ಕಾರ್ಪೆಟಿನಲ್ಲಿ ಗುರುತು ಬೀಳ್ತದಂತೆ.” ಸಬೀನಾ ಸ್ಟ್ಯಾನಿಸ್ಲಾಸ್ ಅವರನ್ನು ಹುಡುಕಿ ಕರೆತಂದಳು. ಅವರನ್ನು ಬೇಬಿ ತಡೆಯಲಿಲ್ಲ, ಹೆಲ್ವಿಯ ಮನುಷ್ಯನನ್ನು ತಡೆಯುವುದು ಹೇಗೆ? ಸ್ಟ್ಯಾನಿಸ್ಲಾಸ್ ಮೊದಲ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟರು. ಲ್ಯಾಪ್‌ಟಾಪ್ ಅಲ್ಲೇ ಇತ್ತು, ಮಲ್ಲಿಗೆ ಸುತ್ತಿಕೊಂಡು.

ಅಷ್ಟರಲ್ಲಿ ಮೈಕಿನಲ್ಲಿ ನಿರೂಪಕಿಯ ಧ್ವನಿ ಕೇಳಿತು. “ಶ್ರೀಯುತ ಸ್ಟ್ಯಾನಿಸ್ಲಾಸ್ ಅವರು ಕೂಡಲೇ ಮುಖ್ಯ ದ್ವಾರಕ್ಕೆ ಬರಬೇಕು. ಅಧ್ಯಕ್ಷರ ವಾಹನ ಪರ್ಕಳ ದಾಟಿದೆ.”

“ಸರ್, ಇನ್ನು ಮೂರು ಮೆಟ್ಟಿಲು. ಹತ್ತಿಬಿಡಿ” ಎಂದಳು ಸಬೀನಾ. ಅವಳು ಬೇಡುವ ಧ್ವನಿಯಲ್ಲಿ ಹೇಳಲಿಲ್ಲ. ದಾರಿ ತೋರಿಸುವವರು ಹೇಳುವ ಹಾಗೆ ಹೇಳಿದಳು.

ಸ್ಟ್ಯಾನಿಸ್ಲಾಸ್ ಸಭೆಯನ್ನು ನೋಡಿದರು. ಇಡೀ ಸಭೆ ಅವರನ್ನು ನೋಡುತ್ತಿತ್ತು, ಜೀವಮಾನದಲ್ಲಿ ಮೊದಲ ಬಾರಿ. ಮೈಕಿನಲ್ಲಿ ಅವರ ಹೆಸರು ಇನ್ನೊಮ್ಮೆ ಬಂತು, ಈ ಸಲ ‘ಫಿನ್ಲೆಂಡಿನ ನಮ್ಮ ಕೊಂಡಿ’ ಎಂಬ ವಿಶೇಷಣದೊಂದಿಗೆ. ಅವರು ಕಾಲು ಕೆಳಗಿಟ್ಟು, ಹಣ್ಣಿನ ಬುಟ್ಟಿ ಎತ್ತಿಕೊಂಡು ಮುಖ್ಯ ದ್ವಾರಕ್ಕೆ ನಡೆದರು. ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ನಾನೂ ಮೂರನೆಯ ಸಾಲಿನಿಂದ ಏಳಲಿಲ್ಲ.

ಎರಡೂವರೆ ಹತ್ತಿರವಾಗುತ್ತಿದ್ದಂತೆ ಪರದೆಯ ಮೇಲೆ ಹೆಲ್ವಿ ಚಡಪಡಿಸತೊಡಗಿದಳು. ಮೊದಲು ಕೈಯ ಗಡಿಯಾರವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು. “ವಾಚು ಒಳ್ಳೆಯದುಂಟು” ಎಂದರು ಆನ್ಸಿಲ್ಲಾ. ಆಮೇಲೆ ಹೆಲ್ವಿ ಎರಡೂ ಕೈ ಎತ್ತಿ ಜೋರಾಗಿ ಬೀಸಿದಳು. ಬಾಯಿ ದೊಡ್ಡದಾಗಿ ತೆರೆದು ಮುಚ್ಚಿತು, ಕೇಳಿದ್ದು ನಾಗಸ್ವರ. ಮುಂದಿನ ಸಾಲಿನವರು ಎಷ್ಟು ಸ್ನೇಹದ ಹೆಂಗಸು ಎಂದು ಮೆಚ್ಚಿ ತಾವೂ ಕೈ ಬೀಸಿದರು. ಅವರನ್ನು ನೋಡಿ ಎರಡನೆಯ ಸಾಲು, ಮೂರನೆಯ ಸಾಲು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭಾಂಗಣ ಫಿನ್ಲೆಂಡಿಗೆ ಕೈ ಬೀಸುತ್ತಿತ್ತು. ಸಬೀನಾ ಒಬ್ಬಳು ಮೆಟ್ಟಿಲ ಬಳಿ ಕೈ ಕಟ್ಟಿ ನಿಂತಿದ್ದಳು. ಕೊನೆಗೆ ಹೆಲ್ವಿ ಕನ್ನಡಕ ತೆಗೆದು, ಎರಡು ಅಂಗೈಗಳಿಂದ ಮುಖ ಮುಚ್ಚಿಕೊಂಡಳು.

“ನಮ್ಮ ಕರಾವಳಿಯ ಪ್ರೀತಿಗೆ ಫಿನ್ಲೆಂಡಿನ ಸಹೋದರಿ ಭಾವುಕರಾಗಿದ್ದಾರೆ” ಎಂದು ನಿರೂಪಕಿ ಹೇಳಿದರು. ಚಪ್ಪಾಳೆ ಬಿತ್ತು.

ಅಧ್ಯಕ್ಷರು ಬಂದರು. ಪ್ರಾರ್ಥನೆ, ಸ್ವಾಗತ, ದೀಪ. ನಿರ್ದೇಶಕರ ಪ್ರಸ್ತಾವನೆಯಲ್ಲಿ ಮರುವಾಯಿಯ ಹೆಸರು ಬರಲಿಲ್ಲ, ಅಧ್ಯಕ್ಷರ ಮಾವನವರ ಹೆಸರು ಬಂತು. ಮೂರು ಗಂಟೆ ದಾಟಿ, ರಾಹು ತನ್ನ ಪಾಡಿಗೆ ಹೊರಟುಹೋದ ಮೇಲೆ, ಅಧ್ಯಕ್ಷರು ಕೆಂಪು ಗುಂಡಿ ಒತ್ತಿದರು. ಗಣಪ ಕಾರ್ಯಕ್ರಮಕ್ಕೆ ಕುಂದು ಬರಬಾರದೆಂದು ಗುಂಡಿ ಒತ್ತಿದ ಕೂಡಲೇ ಪರದೆ ತುಂಬ ‘ಅಭಿನಂದನೆಗಳು’ ಎಂದು ಮೂಡುವಂತೆ ಮಾಡಿದ್ದ. ಹೆಲ್ವಿ ಅದರ ಹಿಂದೆ ಮಾಯವಾದಳು. ಮೇಲಿನಿಂದ ಹೂವಿನ ಎಸಳು ಉದುರಿದವು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಬಾಗಿಲು ಮುಚ್ಚಿದೆ ಎಂಬ ಒಂದು ಸಾಲು ಬಂದದ್ದನ್ನು ನೋಡಿದವರು ಇಬ್ಬರು. ಸ್ಟ್ಯಾನಿಸ್ಲಾಸ್ ಆಗ ಶಾಲು ಹೊದಿಸಿಕೊಳ್ಳುತ್ತಿದ್ದರು. ಇನ್ನೊಬ್ಬಳು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

ಸಂಜೆ ನಿರ್ದೇಶಕರಿಗೆ ವಿಷಯ ತಿಳಿಯಿತು. ಅವರು, “ನಿಮ್ಮ ಹೆಲ್ವಿ ಹೀಗೆ ಮಾಡಬಾರದಿತ್ತು” ಎಂದರು. ಆಮೇಲೆ ಯೋಚಿಸಿ, “ಇರಲಿ, ಅರ್ಜಿ ಅಂದ ಮೇಲೆ ಎಲ್ಲರಿಗೂ ಸಿಗುತ್ತದಾ? ಸಿಗಲಿಲ್ಲ ಅಂತ ಹೇಳಿದರಾಯಿತು. ಅದಕ್ಕೆ ಇನ್ನೂ ಆರು ತಿಂಗಳು ಉಂಟು” ಎಂದರು. ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬಂತು. ಅಧ್ಯಕ್ಷರ ಬೆರಳು, ಕೆಂಪು ಗುಂಡಿ, ಪಕ್ಕದಲ್ಲಿ ಶಾಲು ಹೊದ್ದ ಸ್ಟ್ಯಾನಿಸ್ಲಾಸ್. ಕಾರ್ಕಳದ ಒಂದು ಕಾಲೇಜಿನವರು ಫೋನು ಮಾಡಿ, ನಮ್ಮಲ್ಲೂ ಇಂಥದ್ದೊಂದು ಆಗಬೇಕು, ಆ ಗುಂಡಿ ಬಾಡಿಗೆಗೆ ಸಿಗುತ್ತದಾ ಎಂದು ವಿಚಾರಿಸಿದರು. ಆನ್ಸಿಲ್ಲಾ ಎರಡನೆಯ ಪತ್ರೊಡೆ ತಂದರು. ಹೆಲ್ವಿಯ ಪತ್ರ ಮೂರು ಸಾಲಿನದು. ನನಗೆ ಬಹಳ ದುಃಖವಾಗಿದೆ, ಅರ್ಜಿ ಗೆಲ್ಲುವಂತಿತ್ತು, ಮುಂದಿನ ಬಾಗಿಲು ತೆರೆಯುವುದು ಎರಡು ವರ್ಷದ ಮೇಲೆ. ಸ್ಟ್ಯಾನಿಸ್ಲಾಸ್ ಉತ್ತರ ಬರೆಯಲು ಕೂತರು. ಅವರ ಬೆರಳುಗಳು ಅಭ್ಯಾಸವಾದದ್ದನ್ನೇ ಬರೆದವು.

ಏಪ್ರಿಲ್ ಮುಗಿಯಿತು. ಸಬೀನಾ ಮೇಜಿನ ಖಾನೆ ಖಾಲಿ ಮಾಡಿ, ಹೊಳೆಯ ಮರಳಿನ ಮಾದರಿಗಳ ಬಾಟಲಿಗಳನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿ ಹೋದಳು. ಯಾರನ್ನೂ ಬೈಯಲಿಲ್ಲ. ಸ್ಟ್ಯಾನಿಸ್ಲಾಸ್ ಬಾಗಿಲ ತನಕ ಬಂದು ಏನೋ ಹೇಳಲು ಹೊರಟಾಗ, “ಉಮ್ಮನಿಗೆ ನಾನು ಇನ್ನೂ ಹೇಳಲಿಲ್ಲ ಸರ್. ನೀವೂ ಹೇಳಬೇಡಿ” ಎಂದಷ್ಟೇ ಹೇಳಿದಳು.

ಅದಾದ ವಾರವೇ ಕಾಪುವಿನ ಸ್ಟ್ಯಾನಿಸ್ಲಾಸ್ ಅವರ ಮನೆಯ ಗೇಟಿನಲ್ಲಿ ರುಕಿಯಮ್ಮ ಬಂದು ನಿಂತರು. ಕೈಯಲ್ಲಿ ಬಾಳೆಲೆ ಕಟ್ಟಿದ ಪಾತ್ರೆ. ಕಾನ್ಸೆಪ್ಟಾಗೆ ಪಾತ್ರೆ ಕೊಟ್ಟು ಜಗಲಿಯಲ್ಲಿ ಕೂತರು. ಇದನ್ನು ಸ್ಟ್ಯಾನಿಸ್ಲಾಸ್ ಅವರೇ ಒಂದು ದಿನ ನನ್ನ ಮೇಜಿನ ಮುಂದೆ ಕೂತು ಹೇಳಿದ್ದು.

“ರೊಟ್ಟಿ ಮತ್ತೆ ಮರುವಾಯಿ ಪುಳಿಮುಂಚಿ, ಕಾನ್ಸೆಪ್ಟಾಬಾಯಿ. ಸರ್ ನನ್ನ ಮಗಳಿಗೆ ಮಾಡಿದ ಉಪಕಾರಕ್ಕೆ ಎಂತ ಕೊಟ್ಟರೂ ಕಡಿಮೆಯೇ. ಪೇಪರಿನ ಫೋಟೋ ಗೋಡೆಗೆ ಅಂಟಿಸಿದ್ದೇನೆ.”

ಸ್ಟ್ಯಾನಿಸ್ಲಾಸ್ ಪಾತ್ರೆಯ ಕಡೆ ನೋಡಿದರು. “ಮರುವಾಯಿ ನಮ್ಮ ಹೊಳೆಯದ್ದಾ?” ಎಂದು ಕೇಳಿದರು.

“ನಮ್ಮ ಹೊಳೆಯಲ್ಲಿ ಎಲ್ಲಿ ಉಂಟು ಸರ್ ಈಗ? ಇದು ಕೇರಳದ್ದು, ಮಾರ್ಕೆಟಿಂದ ತಂದದ್ದು. ಇನ್ನು ಸಬೀನಾ ನೋಡಿಕೊಳ್ಳುತ್ತಾಳಲ್ವಾ, ಮೂರು ವರ್ಷದಲ್ಲಿ ನಮ್ಮದೇ ಬರಬಹುದು.”

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕಾನ್ಸೆಪ್ಟಾ ಅದನ್ನು ತೊಳೆದು, ಗಂಡನಿಗೆ ಸನ್ಮಾನಗಳಲ್ಲಿ ಬಂದ ಬುಟ್ಟಿಯಿಂದ ಎರಡು ಸೇಬು ಹಾಕಿ ಕೊಟ್ಟರು. ರುಕಿಯಮ್ಮ ಗೇಟಿನ ತನಕ ಹೋದವರು ತಿರುಗಿ ನಿಂತರು.

“ಸರ್, ಒಂದು ಕೇಳುವುದು ಮರೆತೆ. ಆವತ್ತು ಆ ಫಿನ್ಲೆಂಡಿನ ಅಮ್ಮ ಅಷ್ಟು ಹೊತ್ತು ಕೈ ಬೀಸಿದರಲ್ಲ, ನಾನೂ ಹಿಂದಿನಿಂದ ಬೀಸಿದೆ. ಎದ್ದು ನಿಂತು ಬೀಸಿದೆ. ಅವರಿಗೆ ಕಂಡಿತ್ತಾ?”

“ಕಂಡಿತ್ತು” ಎಂದರು ಸ್ಟ್ಯಾನಿಸ್ಲಾಸ್.

ಹೆಲ್ವಿಯ ವಿಷಯದಲ್ಲಿ ಅವರು ಹೇಳಿ ಊರಿನವರು ನಂಬಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ರುಕಿಯಮ್ಮ ಸಂತೋಷದಿಂದ ಪಾತ್ರೆ ಹಿಡಿದುಕೊಂಡು ಬಸ್ಸಿಗೆ ಹೋದರು.